ಇಪ್ಪತ್ತೋ, ಎಪ್ಪತ್ತೋ

ನಮ್ಮದು ಹ್ಯಾಮ್ ರೇಡಿಯೊ ಕ್ಲಬ್ಬು. ಹ್ಯಾಮ್ ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಪರಸ್ಪರ ಮಾತಾಡುವವರು. ಕ್ಲಬ್ಬಿನ ಮುಂದಿನ ಆರು ತಿಂಗಳ ಕಾರ್ಯಕ್ರಮ ಪಟ್ಟಿ ಬರೆಯುವ ಕೆಲಸ ಈ ಸಲ ನನ್ನ ತಲೆಗೆ ಬಂತು. ಒಂದು ಹಾಳೆ, ಅಷ್ಟೆ. ಯಾವ ದಿನ, ಏನು, ಯಾರು ಏನೇನು ತರಬೇಕು. ಅರ್ಧ ಗಂಟೆಯಲ್ಲಿ ಮುಗಿಯಬೇಕಿತ್ತು. ಮೂರು ವಾರ ಆಯ್ತು, ಇನ್ನೂ ಮೇಜಿನ ಮೇಲೇ ಇದೆ. ಕಾರಣ ನಮ್ಮ ಪಕ್ಕದ ಮನೆಯವರು. ನಾನು ತಾರಸಿ ಮೇಲೆ ಆಂಟೆನಾ ತಂತಿ ಎಳೆಯುತ್ತಿದ್ದೆ, ಅವರು ಬಟ್ಟೆ ಒಣಹಾಕಲು ಬಂದಿದ್ದರು. "ಇದೆಲ್ಲ ಮಾಡಿ ಏನ್ ಸಿಗುತ್ತೆ ಸಾರ್? ಎಲ್ಲರ ಕೈಲೂ ಮೊಬೈಲ್ ಇದೆಯಲ್ಲ" ಅಂದರು. ಕೊಂಕು ಇರಲಿಲ್ಲ, ಗೊತ್ತಿಲ್ಲದೆ ಕೇಳಿದ್ದು. ನಾನು ಬಾಯಿಪಾಠ ಒಪ್ಪಿಸಿದೆ. ಪ್ರವಾಹ ಬಂದರೆ, ಭೂಕಂಪ ಆದರೆ ಟವರ್‌ಗಳು ಕೈಕೊಡುತ್ತವೆ, ಆಗ ನಾವೇ ದಿಕ್ಕು, ಇತ್ಯಾದಿ. ಅವರು ತಲೆಯಾಡಿಸಿದರು. ಬಕೆಟ್ ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಇನ್ನೊಂದು ಕೇಳಿದರು. "ಹಾಗೇನಾದ್ರೂ ಆದ್ರೆ, ನಿಮಗೆ ಮಾಡೋಕೆ ಬರುತ್ತಾ?"

"ಬರುತ್ತೆ" ಅಂದೆ. ಆದರೆ ಹೇಳುವ ಮೊದಲು ಒಂದು ಕ್ಷಣ ತಡವಾಯಿತು. ಆ ಒಂದು ಕ್ಷಣ ಆಮೇಲೂ ನನ್ನನ್ನು ಕಾಡಿತು. ಒಳಗೆ ಬಂದು ಪಟ್ಟಿ ನೋಡಿದರೆ, ಮೇಲಿನಿಂದ ಕೆಳಗೆ ಎಲ್ಲಾ ಮೆರವಣಿಗೆಯ ಬಾಬತ್ತೇ. ಬೆಟ್ಟದ ಮೇಲೆ ರಾತ್ರಿ ಶಿಬಿರ, ಶಾಲೆಯಲ್ಲಿ ಪ್ರದರ್ಶನ, ಅಕ್ಟೋಬರ್ ಕೊನೆಯ ವಾರಾಂತ್ಯದ ಜಾಗತಿಕ ಸ್ಪರ್ಧೆ. ತೀರಾ ಕೆಳಗೆ, ಜಾಗ ಉಳಿದಿತ್ತು ಅಂತ ತುರುಕಿದ ಹಾಗೆ, ಒಂದು ಸಾಲು: "ಪ್ರತಿ ಮಂಗಳವಾರ ಸಂಜೆ ನೆಟ್, ಎಂದಿನಂತೆ." ನೆಟ್ ಅಂದರೆ ಎಲ್ಲರೂ ಒಂದೇ ಹೊತ್ತಿಗೆ ರೇಡಿಯೊದಲ್ಲಿ ಸೇರಿ ಮಾಡುವ ಅಭ್ಯಾಸ. ಬರೆದವನು ನಾನೇ. ನಮಗೆ ಏನಾದರೂ ಮಾಡೋಕೆ ಬರುತ್ತೆ ಅಂತಾದರೆ ಅದು ಆ ಸಾಲಿನಿಂದ ಅಂತ ಗೊತ್ತಿದ್ದೂ ಹಾಗೆ ಬರೆದಿದ್ದೆ.

ಅಣಕು ಕಾರ್ಯಾಚರಣೆಯ ದಿನ

ಇದು ನನಗೆ ಗೊತ್ತಾಗಿದ್ದು ಒಂದು ಅವಮಾನದಿಂದ. ಎರಡು ವರ್ಷದ ಹಿಂದೆ ಪರಿಹಾರ ಕೆಲಸದವರ ಜೊತೆ ಸೇರಿ ಒಂದು ಅಣಕು ಕಾರ್ಯಾಚರಣೆ ಮಾಡಿದ್ವಿ. ಪ್ರವಾಹ ಬಂದಿದೆ, ಫೋನ್ ಇಲ್ಲ, ಮೂರು ಕಡೆ ನಿರಾಶ್ರಿತರ ಶಿಬಿರ ಇದೆ ಅಂತ ಕಲ್ಪನೆ. ಶಿಬಿರಗಳಲ್ಲಿ ನಮ್ಮ ಹ್ಯಾಮ್‌ಗಳು, ಕೇಂದ್ರದಲ್ಲಿ ನಾನು. ಶಿಬಿರದವರು ಏನು ಬೇಕು ಅಂತ ಹೇಳಬೇಕು, ನಾನು ಬರೆದುಕೊಂಡು ಪಕ್ಕದ ಮೇಜಿಗೆ ಕೊಡಬೇಕು. ಅವರು ಗೋದಾಮಿನಿಂದ ನಿಜವಾಗಿಯೂ ಸಾಮಾನು ತೆಗೆದು ಗಾಡಿಗೆ ಹಾಕುತ್ತಾರೆ. ಹೊಸ ವಾಕಿ-ಟಾಕಿ, ಕಿವಿಗೆ ಹೆಡ್‌ಫೋನ್, ಎದೆ ಮೇಲೆ ಕಾಲ್‌ಸೈನ್, ಅಂದರೆ ಪ್ರತಿ ಹ್ಯಾಮ್‌ಗೂ ಇರುವ ಗುರುತಿನ ಸಂಕೇತ, ಬರೆದ ಬಿಲ್ಲೆ. ಸಿನಿಮಾ ಹೀರೊ ಥರ ಕೂತಿದ್ದೆ.

ಮೊದಲ ಹತ್ತು ನಿಮಿಷ ಜಾತ್ರೆ. ನಮ್ಮ ದನಿಯನ್ನು ಹಿಡಿದು ದೂರಕ್ಕೆ ಮತ್ತೆ ಪ್ರಸಾರ ಮಾಡುವ ರಿಪೀಟರ್ ಒಂದೇ, ಮಾತಾಡುವವರು ಹನ್ನೆರಡು ಜನ. ಎಫ್‌ಎಂನಲ್ಲಿ ಹೆಚ್ಚುಕಮ್ಮಿ ಸಮ ಸಿಗ್ನಲ್‌ನ ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಇಬ್ಬರೂ ಕೇಳಿಸಲ್ಲ, ಕಿವಿ ಕೊರೆಯುವ ಕಿರುಚಲು ಮಾತ್ರ ಬರುತ್ತೆ. ಒಬ್ಬರು "ಕೇಳ್ತಿದ್ಯಾ, ಕೇಳ್ತಿದ್ಯಾ" ಅಂತಲೇ ಎರಡು ನಿಮಿಷ ಕಳೆದರು. ಆ ಗದ್ದಲದ ನಡುವೆ ಎರಡನೇ ಶಿಬಿರದಿಂದ ಒಂದು ದನಿ ಬಂತು. ಹೊದಿಕೆ ಬೇಕು, ಇಷ್ಟು. ನಾನು "ಎಪ್ಪತ್ತು" ಅಂತ ಬರೆದೆ. ಚೀಟಿ ಹೋಯಿತು, ಗಾಡಿ ಹೊರಟಿತು. ಮುಕ್ಕಾಲು ಗಂಟೆ ಆದ ಮೇಲೆ ಮೂರನೇ ಶಿಬಿರದವರು ಹೊದಿಕೆ ಕೇಳಿದಾಗ ಗೋದಾಮು ಖಾಲಿ. ಎರಡನೆಯವರು ಕೇಳಿದ್ದು ಇಪ್ಪತ್ತು.

ಇ ಮತ್ತು ಎ. ವ್ಯತ್ಯಾಸ ಅಷ್ಟೆ. ಎದುರು ಕೂತು ಮಾತಾಡಿದರೆ ಮಗುವಿಗೂ ಗೊತ್ತಾಗುತ್ತೆ. ಸಿಗ್ನಲ್ ದುರ್ಬಲವಾಗಿ, ದನಿಯ ಮೇಲೆ ಸರಸರ ಗೊರಗೊರ ಕೂತರೆ ಉಳಿಯುವುದು "...ಪ್ಪತ್ತು" ಮಾತ್ರ, ಮೊದಲ ಅಕ್ಷರವನ್ನು ನಮ್ಮ ಮನಸ್ಸೇ ತುಂಬಿಕೊಳ್ಳುತ್ತೆ. ಪ್ರವಾಹ ಅಂದಾಕ್ಷಣ ನನ್ನ ಮನಸ್ಸು ದೊಡ್ಡ ಸಂಖ್ಯೆಯನ್ನೇ ತುಂಬಿತು. ಅದು ನಾಟಕವಾದ್ದರಿಂದ ಯಾರೂ ಚಳಿಯಲ್ಲಿ ನಡುಗಲಿಲ್ಲ, ಅಷ್ಟೆ ಪುಣ್ಯ.

ಅವತ್ತು ನೆಟ್ ಕಂಟ್ರೋಲ್, ಅಂದರೆ ಯಾರು ಯಾವಾಗ ಮಾತಾಡಬೇಕು ಅಂತ ನಡೆಸುವವರು, ಆಗಿದ್ದದ್ದು ಕ್ಲಬ್ಬಿನ ಹಿರಿಯ ಮೇಡಂ ಒಬ್ಬರು. ಗದ್ದಲದ ಮಧ್ಯೆ ಅವರು ದನಿ ಏರಿಸಲಿಲ್ಲ. ಒಂದು ಬಿಡುವು ಸಿಗುವ ತನಕ ಕಾದು, "ಎಲ್ಲರೂ ಸುಮ್ಮನಿರಿ. ನಾನು ಕರೆದವರು ಮಾತ್ರ ಮಾತಾಡಿ" ಅಂದರು. ಐದೇ ನಿಮಿಷದಲ್ಲಿ ನೆಟ್ ಹಳಿಗೆ ಬಂತು. ಸಂಜೆ ಎಲ್ಲಾ ಮುಗಿದ ಮೇಲೆ ನನ್ನ ಹತ್ತಿರ ಬಂದು ಒಂದೇ ಮಾತು ಕೇಳಿದರು. "ಬರಕೊಂಡಿದ್ದನ್ನ ವಾಪಸ್ ಓದಿ ಹೇಳಿದ್ರಾ?" ಹೇಳಿರಲಿಲ್ಲ. ಪ್ರತಿ ಮಂಗಳವಾರದ ನೆಟ್‌ನಲ್ಲಿ ಅವರು ಕಲಿಸುವುದು ಅದನ್ನೇ. ನಾನು ಆ ವರ್ಷ ನೆಟ್‌ಗೆ ಬಂದದ್ದು ಮೂರೋ ನಾಲ್ಕೋ ಸಲ.

ಬೇಜಾರಿನ ಅರ್ಧ ಗಂಟೆ

ನೆಟ್ ಅಂದರೆ ಬೇಜಾರು, ಸುಳ್ಳೇಕೆ ಹೇಳಲಿ. ಗೊತ್ತುಪಡಿಸಿದ ಹೊತ್ತಿಗೆ ಒಬ್ಬರು ಹಾಜರಿ ತಗೊಳ್ಳುತ್ತಾರೆ. ನಿಮ್ಮ ಕಾಲ್‌ಸೈನ್ ಬಂದಾಗ "ಇದ್ದೇನೆ" ಅನ್ನಬೇಕು, ಹಿಂದಿನವರ ಸಿಗ್ನಲ್ ಹೇಗಿತ್ತು ಅಂತ ಹೇಳಬೇಕು, ಸುಮ್ಮನಾಗಬೇಕು. ಆಮೇಲೆ ಒಂದು ಅಭ್ಯಾಸದ ಸಂದೇಶ, ಇಪ್ಪತ್ತೈದು ಪದದೊಳಗೆ. ಅದಕ್ಕೊಂದು ನಂಬರ್, ಎಷ್ಟು ಅವಸರದ್ದು, ಎಲ್ಲಿಂದ ಹೊರಟಿತು, ಎಷ್ಟು ಹೊತ್ತಿಗೆ, ಒಟ್ಟು ಎಷ್ಟು ಪದ. ಕೇಳಿಸಿಕೊಂಡವರು ಪದ ಎಣಿಸಿ ಲೆಕ್ಕ ತಾಳೆಯಾಯಿತೇ ಅಂತ ನೋಡಬೇಕು. ತಂತಿ ಕಾಲದ ಪದ್ಧತಿ ಇದು, ಒಂದು ಪದ ಕಳೆದುಹೋದರೂ ಸಿಕ್ಕಿಬೀಳುತ್ತೆ. ಕನ್ನಡದಲ್ಲಿ ಇದನ್ನು ಮಾಡಲು ಹೊರಟಾಗ ಒಂದು ತಿಂಗಳು ಜಗಳವೇ ನಡೆಯಿತು. "ನೀರಿಲ್ಲ" ಒಂದು ಪದವೋ ಎರಡೋ? ಹೇಳುವವರು ಒಂದು ಅಂತ ಎಣಿಸಿದರೆ, ಕೇಳುವವರು "ನೀರು ಇಲ್ಲ" ಅಂತ ಎರಡು ಬರೆದಿರುತ್ತಾರೆ. ಕೊನೆಗೆ ಸಂದೇಶದಲ್ಲಿ ಸಂಧಿ ಮಾಡಬಾರದು ಅಂತ ತೀರ್ಮಾನ ಆಯಿತು. ವ್ಯಾಕರಣ ಇಷ್ಟು ಜೀವ ತಳೆದದ್ದನ್ನು ನಾನು ಶಾಲೆಯಲ್ಲೂ ಕಂಡಿರಲಿಲ್ಲ. ಸಂಖ್ಯೆಗೂ ನಿಯಮ ಬಂತು, ನನ್ನ ಹೊದಿಕೆಯ ಕೃಪೆ. ಈಗ ಇಪ್ಪತ್ತು ಅಂತ ಹೇಳಿದ ಮೇಲೆ "ಎರಡು, ಸೊನ್ನೆ" ಅಂತ ಬಿಡಿಸಿ ಹೇಳಲೇಬೇಕು.

ಈ ಅರ್ಧ ಗಂಟೆಯಲ್ಲಿ ಒಬ್ಬೊಬ್ಬರು ಮಾತಾಡುವುದು ಒಂದೂವರೆ ನಿಮಿಷ ಇರಬಹುದು. ಉಳಿದದ್ದೆಲ್ಲ ಕೇಳುವುದು. ಜನ ಬರದೇ ಇರುವುದೂ ಅದಕ್ಕೇ. ನಲವತ್ತು ಸದಸ್ಯರಲ್ಲಿ ಏಳೆಂಟು ಜನ. ಅದೇ ಸ್ಪರ್ಧೆಯ ರಾತ್ರಿ ನೋಡಿ, ನಿದ್ದೆಗೆಟ್ಟು ದೂರದೂರದ ದೇಶಗಳನ್ನು ಹಿಡಿಯಲು ಎಲ್ಲರೂ ಹಾಜರ್. ನಾನೂ ಅವರಲ್ಲೊಬ್ಬ, ದೂರ ಅಂದರೆ ನನಗೂ ಹುಚ್ಚು. ಆದರೆ ಬ್ಯಾಟರಿಯ ಲೆಕ್ಕ ಮಾಡಿದಾಗ ನನಗೊಂದು ವಿಷಯ ತಮಾಷೆ ಅನ್ನಿಸಿತ್ತು. ನೂರು ವಾಟ್‌ನ ಸಾಮಾನ್ಯ ರೇಡಿಯೊ ಸೆಟ್ ಕೇಳುತ್ತಾ ಕೂತಾಗ ಹೆಚ್ಚುಕಮ್ಮಿ ಒಂದು ಆಂಪಿಯರ್ ಎಳೆಯುತ್ತೆ. ಪೂರ್ತಿ ಶಕ್ತಿಯಲ್ಲಿ ಮಾತಾಡಿದರೆ ಇಪ್ಪತ್ತು ಆಂಪಿಯರ್ ಹತ್ತಿರ. (ಎರಡು, ಸೊನ್ನೆ.) ಕರೆಂಟ್ ಇಲ್ಲದ ಊರಲ್ಲಿ ಒಂದು ಬ್ಯಾಟರಿ ಎಷ್ಟು ದಿನ ಬರುತ್ತೆ ಅನ್ನುವುದು ನೀವು ಎಷ್ಟು ಬಾಯಿ ಮುಚ್ಚಿಕೊಂಡಿರುತ್ತೀರಿ ಅನ್ನುವುದರ ಮೇಲೆ ನಿಂತಿದೆ.

2004ರ ಸುನಾಮಿಯ ಕತೆ ಹ್ಯಾಮ್‌ಗಳಿಗೆಲ್ಲ ಗೊತ್ತು. ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಆಗ ಅಂಡಮಾನ್‌ನಲ್ಲಿತ್ತು. ಹೋಗಿದ್ದು ಪರಿಹಾರಕ್ಕಲ್ಲ. ಆ ದ್ವೀಪಗಳಿಂದ ಹ್ಯಾಮ್ ಪ್ರಸಾರ ಬಹಳ ವರ್ಷದಿಂದ ಇರಲಿಲ್ಲ, ಜಗತ್ತಿನ ಹವ್ಯಾಸಿಗಳು ಅಲ್ಲಿಯ ಸಂಪರ್ಕಕ್ಕಾಗಿ ಕಾದಿದ್ದರು, ಅದಕ್ಕಾಗಿ ಹೋಗಿದ್ದು. ಡಿಸೆಂಬರ್ 26ರಂದು ಅಲೆ ಅಪ್ಪಳಿಸಿತು. ಫೋನ್ ಸಂಪರ್ಕ ಕಡಿದುಹೋದಾಗ ಅದೇ ತಂಡ ಅಲ್ಲಿಂದ ಸುದ್ದಿ ದಾಟಿಸಿತು, ಅಲ್ಲಿದ್ದವರ ಕ್ಷೇಮ ಸಮಾಚಾರವನ್ನು ಹೊರಗಿನವರಿಗೆ ಮುಟ್ಟಿಸಿತು. ನಮ್ಮ ಪ್ರದರ್ಶನಗಳಲ್ಲಿ ಈ ಕತೆಯನ್ನು ಎದೆಯುಬ್ಬಿಸಿ ಹೇಳುತ್ತೇವೆ. ಹೇಳುವಾಗ ಒಂದನ್ನು ಬಿಟ್ಟುಬಿಡುತ್ತೇವೆ ಅನ್ನಿಸುತ್ತೆ. ಅವರ ಆಂಟೆನಾ ಆಗಲೇ ಮೇಲೆ ಕಟ್ಟಿಯಾಗಿತ್ತು, ದಿನಗಟ್ಟಲೆ ಗಿಜಿಗಿಜಿ ಬ್ಯಾಂಡಿನಲ್ಲಿ (ಹ್ಯಾಮ್‌ಗಳು ಮಾತಾಡುವ ತರಂಗಗಳ ಪಟ್ಟಿಯಲ್ಲಿ) ಒಂದೊಂದೇ ಕಾಲ್‌ಸೈನ್ ಹೆಕ್ಕಿ ಬರೆದುಕೊಳ್ಳುವ ಕೆಲಸದಲ್ಲಿದ್ದರು. ಅಲೆ ಬಂದ ದಿನ ಪೆಟ್ಟಿಗೆಯಿಂದ ಸೆಟ್ ತೆಗೆದು ಪುಸ್ತಕ ಓದಲು ಕೂರಲಿಲ್ಲ. ನಮ್ಮ ಕ್ಲಬ್ಬಿನಲ್ಲಿ ಎಷ್ಟು ಸೆಟ್‌ಗಳು ಪೆಟ್ಟಿಗೆಯಲ್ಲಿವೆ ಅಂತ ನಾನು ಇಲ್ಲಿ ಹೇಳಲ್ಲ.

ಬೆರಳು ಮೊದಲು ಎತ್ತಿದರೆ

ಪಟ್ಟಿಯಲ್ಲಿ ಮೇಲಕ್ಕೆ ಬರಬೇಕಾದ ಇನ್ನೊಂದು, ಓಟದ ಸ್ಪರ್ಧೆಗೆ ಸಂಪರ್ಕ ಒದಗಿಸುವುದು. ಇಪ್ಪತ್ತೊಂದು ಕಿಲೋಮೀಟರಿನ ದಾರಿ, ಎರಡು ಮೂರು ಕಿಲೋಮೀಟರಿಗೊಂದು ನೀರಿನ ತಾಣ, ಪ್ರತಿ ತಾಣದಲ್ಲಿ ಒಬ್ಬ ಹ್ಯಾಮ್. ಮೊದಲ ಓಟಗಾರ ಎಲ್ಲಿದ್ದಾನೆ ಅಂತ ಹೇಳಲು ಎಲ್ಲರಿಗೂ ಇಷ್ಟ. ಕಷ್ಟದ ಕೆಲಸ ಕೊನೆಯವರದು. ಕೊನೆಯ ಓಟಗಾರರು ದಾಟುವ ತನಕ ತಾಣ ಮುಚ್ಚುವ ಹಾಗಿಲ್ಲ, ಅವರ ಹಿಂದೆ ಸೈಕಲ್ಲಿನಲ್ಲಿ ಬರುವ ಹ್ಯಾಮ್ "ಇವರೇ ಕೊನೆ" ಅಂತ ಖಚಿತವಾಗಿ ಹೇಳಬೇಕು. ಯಾರೋ ದಾರಿ ಬದಿ ಕೂತರೆ ಅವರ ಎದೆಯ ಮೇಲಿನ ನಂಬರ್ ಹೇಳುತ್ತೇವೆ, ಹೆಸರು ಹೇಳಲ್ಲ. ನಮ್ಮ ತರಂಗಗಳಲ್ಲಿ ಗುಟ್ಟು ಅನ್ನುವುದೇ ಇಲ್ಲ, ಗೂಢಲಿಪಿ ಬಳಸುವ ಹಾಗಿಲ್ಲ. ರಿಸೀವರ್ ಇದ್ದ ಯಾರು ಬೇಕಾದರೂ ಕೇಳಬಹುದು. ಮಗ ಬಿದ್ದ ಸುದ್ದಿ ಅವರಮ್ಮನಿಗೆ ಹಾಗೆ ಮುಟ್ಟಬಾರದು.

ಕಳೆದ ಸಲ ಒಬ್ಬರು ಕಾಲು ಉಳುಕಿಸಿಕೊಂಡು ಕೂತರು, ಎರಡು ನಿಮಿಷದಲ್ಲಿ ಎದ್ದರು. ತಾಣದಲ್ಲಿದ್ದ ನಮ್ಮ ಹುಡುಗ "ಐದನೇ ತಾಣಕ್ಕೆ ಗಾಡಿ ಕಳಿಸೋದು ಬೇಡ" ಅಂದ. ಆದರೆ ಮಾತು ಮುಗಿಯುವ ಮೊದಲೇ ಗುಂಡಿಯಿಂದ ಬೆರಳು ಎತ್ತಿದ. ನಮಗೆ ಕೇಳಿಸಿದ್ದು "ಐದನೇ ತಾಣಕ್ಕೆ ಗಾಡಿ ಕಳಿಸೋದು". ಗಾಡಿ ಹೋಯಿತು. ಇಕ್ಕಟ್ಟಿನ ದಾರಿ, ಎದುರಿಂದ ಮುನ್ನೂರು ಜನ ಓಡಿ ಬರುತ್ತಿದ್ದಾರೆ. ಹ್ಯಾಮ್ ಪಾಠಗಳಲ್ಲೆಲ್ಲ ಹೇಳುವುದು ಮಾತಿನ ಮೊದಲ ಪದದ ಬಗ್ಗೆ: ಗುಂಡಿ ಒತ್ತಿ ಒಂದು ಕ್ಷಣ ಬಿಟ್ಟು ಮಾತಾಡಿ, ಇಲ್ಲವಾದರೆ ರಿಪೀಟರ್ ಎಚ್ಚರಗೊಳ್ಳುವಷ್ಟರಲ್ಲಿ ಮೊದಲ ಪದ ನುಂಗಿಹೋಗುತ್ತೆ. ಸರಿಯೇ. ಆದರೆ ಕನ್ನಡದಲ್ಲಿ ಜೀವ ಇರುವುದು ಕೊನೆಯಲ್ಲಿ. ಬೇಕು, ಬೇಡ, ಬಂತು, ಬರಲಿಲ್ಲ, ಎಲ್ಲಾ ಬಾಲದಲ್ಲಿ. ಹಾಗಾಗಿ ಈಗ ನಾವು "ಬೇಡ" ಅನ್ನುವುದನ್ನು ಮೊದಲೇ ಹೇಳುತ್ತೇವೆ. "ಬೇಡ. ಗಾಡಿ ಬೇಡ. ಐದನೇ ತಾಣ." ಕೇಳಲು ಚೆಂದವಿಲ್ಲ. ಆದರೆ ಆಮೇಲೆ ಗಾಡಿ ಸುಮ್ಮಸುಮ್ಮನೆ ಹೋಗಿಲ್ಲ.

ಅರ್ಧ ಮಾತುಕತೆ

ಶಾಲೆಯ ಕಾರ್ಯಕ್ರಮವನ್ನು ಮೆರವಣಿಗೆ ಅಂತ ಬೈದೆ. ಪೂರ್ತಿ ನ್ಯಾಯವಲ್ಲ. ಒಂದು ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವವರು ಆಗಾಗ ಯಾವುದಾದರೂ ಶಾಲೆಯ ಮಕ್ಕಳ ಜೊತೆ ಹ್ಯಾಮ್ ರೇಡಿಯೊದಲ್ಲಿ ಮಾತಾಡುತ್ತಾರೆ. 1983ರಲ್ಲಿ ಅಮೆರಿಕದ ಗಗನಯಾತ್ರಿ ಓವನ್ ಗ್ಯಾರಿಯಟ್ ಕೊಲಂಬಿಯಾ ನೌಕೆಯಿಂದ ಮೊದಲ ಬಾರಿ ಹ್ಯಾಮ್‌ಗಳ ಜೊತೆ ಮಾತಾಡಿದಾಗಿನಿಂದ ಬಂದ ಪರಿಪಾಠ. ಅವತ್ತು ಮಾತಾಡಬೇಕಿದ್ದದ್ದು ದೂರದ ಬೇರೊಂದು ಶಾಲೆ. ನಮ್ಮ ಮಕ್ಕಳದು ಬರೀ ಕೇಳುವ ಕೆಲಸ. ಉಕ್ಕಿನ ಅಳತೆ ಟೇಪ್ ಕತ್ತರಿಸಿ ಪಿವಿಸಿ ಪೈಪಿಗೆ ಬಿಗಿದು ಮೂರು ಅಡ್ಡಪಟ್ಟಿಯ ಯಾಗಿ ಆಂಟೆನಾ ಮಾಡಿದ್ವಿ, ಒಂದೇ ದಿಕ್ಕಿಗೆ ಗುರಿಯಿಡುವಂಥದ್ದು. ಅದನ್ನು ಹಿಡಿದದ್ದು ಸುಮಾರು ಹನ್ನೆರಡು ವರ್ಷದ ಹುಡುಗ. ಕೈಯ ಸೆಟ್ 145.800 ಮೆಗಾಹರ್ಟ್ಸ್‌ನಲ್ಲಿ.

ನಿಲ್ದಾಣ ನಾನೂರು ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ ಇಪ್ಪತ್ತೆಂಟು ಸಾವಿರ ಕಿಲೋಮೀಟರ್ ವೇಗದಲ್ಲಿ ಹೋಗುತ್ತೆ. ದಿಗಂತದಿಂದ ದಿಗಂತಕ್ಕೆ ಹತ್ತು ನಿಮಿಷ, ಅಷ್ಟೇ. ಮೊದಲು ಬರೀ ಜೊರ್ ಅನ್ನುವ ಸದ್ದು. ಮಕ್ಕಳು ಚಡಪಡಿಸತೊಡಗಿದರು. ಆಮೇಲೆ ಇದ್ದಕ್ಕಿದ್ದ ಹಾಗೆ ಸದ್ದು ಸೀಳಿಕೊಂಡು ಒಂದು ಮನುಷ್ಯ ದನಿ. ಕೇಳಿದ್ದು ಉತ್ತರಗಳು ಮಾತ್ರ. ಪ್ರಶ್ನೆ ಕೇಳುವ ಮಕ್ಕಳು ಭೂಮಿಯ ಮೇಲೆ ಬೇರೆಲ್ಲೋ ಇದ್ದರು, ಅವರ ದನಿ ನಮಗೆ ಬರುವಂತಿರಲಿಲ್ಲ. "ಗೋಡೆಗೆ ಕಟ್ಟಿದ ಚೀಲದೊಳಗೆ ತೂರಿಕೊಳ್ಳುತ್ತೇವೆ, ಓವರ್." ಒಂದು ಹುಡುಗಿ ಕಿರುಚಿದಳು: "ಹೇಗೆ ಮಲಗ್ತೀರ ಅಂತ ಕೇಳಿದ್ದಾರೆ!" "ದಿನಕ್ಕೆ ಹದಿನಾರು ಸಲ, ಓವರ್." ಇದಕ್ಕೆ ಗದ್ದಲ. ಹದಿನಾರು ಸಲ ಏನು? ಹಲ್ಲುಜ್ಜುವುದಾ? ನಿಲ್ದಾಣ ತೊಂಬತ್ತು ನಿಮಿಷಕ್ಕೊಂದು ಸುತ್ತು ಹಾಕುತ್ತೆ ಅಂತ ಹಲಗೆ ಮೇಲೆ ಬರೆದಿತ್ತು. ಹಿಂದಿನ ಬೆಂಚಿನವನೊಬ್ಬ ಲೆಕ್ಕ ಹಾಕಿ "ಸೂರ್ಯೋದಯ" ಅಂದ. ನಾವು ಯೋಜಿಸಿದ ಆಟವಲ್ಲ ಅದು. ಅರ್ಧ ಮಾತುಕತೆ ಮಾತ್ರ ಸಿಕ್ಕಿದ್ದರಿಂದ ಉಳಿದರ್ಧವನ್ನು ಅವರೇ ಹುಟ್ಟಿಸಿಕೊಂಡರು.

ಕೊನೆಗೆ ದನಿ ತೆಳುವಾಗುತ್ತಾ ಹೋಯಿತು. ದೂರ ಸರಿಯುವ ನಿಲ್ದಾಣದ ಆವರ್ತನ ಸ್ವಲ್ಪ ಕೆಳಗಿಳಿಯುತ್ತೆ, ಅದಕ್ಕೆ ತಕ್ಕಂತೆ ಸೆಟ್ ತಿರುಗಿಸಿದೆ, ಪ್ರಯೋಜನ ಇಲ್ಲ. "ಆಯ್ತು ಮಕ್ಕಳೇ, ಹೋಯ್ತು" ಅಂದೆ. ಆಂಟೆನಾ ಹಿಡಿದಿದ್ದ ಹುಡುಗ ಕೈ ಇಳಿಸಲಿಲ್ಲ. "ಇಲ್ಲ ಸಾರ್, ಇನ್ನೂ ಇದ್ದಾರೆ." ನನಗೆ ಜೊರ್ ಬಿಟ್ಟು ಏನೂ ಕೇಳಿಸುತ್ತಿರಲಿಲ್ಲ. ಅವನು ಮಣಿಕಟ್ಟನ್ನು ಒಂಚೂರು ಹೊರಳಿಸಿದ. ಯಾಗಿ ಅಡ್ಡದಿಂದ ಉದ್ದಕ್ಕೆ ತಿರುಗಿತು. "ಸೆವೆಂಟಿ ಥ್ರೀ" ಅನ್ನುವುದು ನನಗೂ ಕೇಳಿಸಿತು. ಶುಭವಾಗಲಿ, ಬರಲೇ ಅನ್ನುವುದಕ್ಕೆ ಹ್ಯಾಮ್‌ಗಳು ಹೇಳುವ ಮಾತು. ಆ ಹುಡುಗನಿಗೆ ನಾನು ಅಲೆಯ ಧ್ರುವೀಕರಣದ, ಅಂದರೆ ಅಲೆ ಅಡ್ಡಕ್ಕೆ ಕಂಪಿಸುತ್ತೋ ಉದ್ದಕ್ಕೋ ಅನ್ನುವುದರ, ಪಾಠ ಮಾಡಿರಲಿಲ್ಲ. ಈ ಸಲ ಮತ್ತೆ ಆ ಶಾಲೆಗೆ ಹೋಗುತ್ತಿದ್ದೇವೆ. ಬೆಳಕು ಮಿನುಗಿಸುವ ದೊಡ್ಡ ಸೆಟ್‌ಗಳನ್ನು ಸಾಲಾಗಿ ಜೋಡಿಸಿಡುವ ಮೇಜು ಬೇಡ ಅಂತ ಸಭೆಯಲ್ಲಿ ವಾದ ಮಾಡಿದ್ದೇನೆ. ಮೂರು ಟೇಪ್ ಆಂಟೆನಾ ಸಾಕು. ಒಪ್ಪಿಲ್ಲ, ನೋಡೋಣ.

ಎತ್ತರದ ಜಗಳ

ಬೆಟ್ಟದ ಶಿಬಿರದ ಬಗ್ಗೆಯೂ ವಾದ ಇದೆ. ಅಮೆರಿಕ, ಕೆನಡಾದ ಹ್ಯಾಮ್‌ಗಳು 1933ರಿಂದ ಫೀಲ್ಡ್ ಡೇ ಅಂತ ಮಾಡುತ್ತಾ ಬಂದಿದ್ದಾರೆ. ಜೂನ್‌ನ ಒಂದು ವಾರಾಂತ್ಯ ಮನೆ ಬಿಟ್ಟು ಬಯಲಲ್ಲಿ ಕೂತು, ಬ್ಯಾಟರಿಯಲ್ಲೋ ಜನರೇಟರಿನಲ್ಲೋ ಸೆಟ್ ನಡೆಸಿ, ಆದಷ್ಟು ಜನರನ್ನು ಸಂಪರ್ಕಿಸುವುದು. ನಮ್ಮದು ಅದರ ನೆರಳು. ನಲವತ್ತು ಮೀಟರ್ (ಏಳು ಮೆಗಾಹರ್ಟ್ಸ್) ಬ್ಯಾಂಡಿಗೆ ಡೈಪೋಲ್ ಆಂಟೆನಾ ಕಟ್ಟುತ್ತೇವೆ, ಆಚೀಚೆ ಹತ್ತತ್ತು ಮೀಟರ್ ತಂತಿ. ಎಲ್ಲರಿಗೂ ಅದನ್ನು ಅತಿ ಎತ್ತರದ ಮರಕ್ಕೆ ಏರಿಸುವ ಆಸೆ. ಎತ್ತರ ಇದ್ದಷ್ಟೂ ಅಲೆ ದಿಗಂತದ ಕಡೆ ವಾಲುತ್ತೆ, ದೂರದ ಖಂಡ ಸಿಗುತ್ತೆ.

ಆದರೆ ಬೆಟ್ಟದಾಚೆಯ ಕಣಿವೆಯ ಹಳ್ಳಿ ಬೇಕಾದರೆ? ವಾಕಿ-ಟಾಕಿಯ ಅಲೆ ಬೆಟ್ಟಕ್ಕೆ ಬಡಿದು ನಿಲ್ಲುತ್ತೆ. ಎತ್ತರದ ಡೈಪೋಲಿನ ಅಲೆ ತಲೆಯ ಮೇಲೆ ಹಾದು ಎಲ್ಲೋ ಹೋಗಿ ಬೀಳುತ್ತೆ. ಅದೇ ತಂತಿಯನ್ನು ಮೂರು ನಾಲ್ಕು ಮೀಟರಿಗೆ ಇಳಿಸಿ, ಅಲೆ ನೇರ ಮೇಲಕ್ಕೆ ಹೋಗುತ್ತೆ. ವಾತಾವರಣದ ಮೇಲಿನ ಅಯಾನುಗೋಳ ಅನ್ನುವ ಪದರ ಅದನ್ನು ಛತ್ರಿಯ ಥರ ಕೆಳಗೆ ಸುರಿಯುತ್ತೆ, ಸುತ್ತಲಿನ ಮುನ್ನೂರು ನಾನೂರು ಕಿಲೋಮೀಟರ್ ನೆನೆಯುತ್ತೆ. ಸಾಮಾನ್ಯವಾಗಿ ಹಗಲು ಏಳು ಮೆಗಾಹರ್ಟ್ಸ್, ರಾತ್ರಿ ಅದು ಕೈಕೊಟ್ಟರೆ ಮೂರೂವರೆ. ಬಟ್ಟೆ ಒಣಹಾಕುವ ಹಗ್ಗದಷ್ಟು ಎತ್ತರದ ಆಂಟೆನಾ ಜೊತೆ ಫೋಟೊ ತೆಗೆಸಿಕೊಳ್ಳಲು ಯಾರಿಗೂ ಇಷ್ಟವಿಲ್ಲ ಅನ್ನುವುದು ನಿಜ. ಈ ಸಲ ಒಂದು ರಾಜಿ ಆಗಿದೆ. ಶನಿವಾರ ರಾತ್ರಿ ಎತ್ತರದ್ದು, ಭಾನುವಾರ ಬೆಳಿಗ್ಗೆ ತಗ್ಗಿನದು. ಭಾನುವಾರ ಎಷ್ಟು ಜನ ಉಳಿದಿರುತ್ತಾರೋ ಕಾಣೆ.

ಉಳಿದವುಗಳ ಬಗ್ಗೆ ಹೆಚ್ಚೇನೂ ಇಲ್ಲ. ಬಚ್ಚಿಟ್ಟ ಪುಟ್ಟ ಟ್ರಾನ್ಸ್‌ಮಿಟರ್ ಹುಡುಕುವ ಫಾಕ್ಸ್ ಹಂಟ್ ಒಂದು ಭಾನುವಾರ ಇದೆ, ಮಕ್ಕಳೇ ಗೆಲ್ಲುತ್ತಾರೆ. ಲೈಸೆನ್ಸ್ ಪರೀಕ್ಷೆಗೆ ತಯಾರಾಗುವವರಿಗೆ ಆರು ವಾರದ ತರಗತಿ ಇದೆ. ಅಕ್ಟೋಬರ್‌ನಲ್ಲಿ ಸ್ಕೌಟುಗಳ ರೇಡಿಯೊ ಜಾಂಬೊರಿ ಇದೆ.

ಮೊನ್ನೆ ಕೂತು ಪಟ್ಟಿಯನ್ನು ಹೊಸದಾಗಿ ಬರೆದೆ. ಮಂಗಳವಾರದ ನೆಟ್ ಮೊದಲ ಸಾಲಿಗೆ ಬಂತು, "ಎಂದಿನಂತೆ" ಹೋಯಿತು. ಎರಡನೆಯದು ಅಣಕು ಕಾರ್ಯಾಚರಣೆ, ಈ ಸಲ ಮಳೆಗಾಲಕ್ಕೆ ಮೊದಲೇ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ಅವತ್ತು ನನ್ನ ತಪ್ಪಿಗೆ ಇನ್ನೊಂದು ಕಾರಣ ಇತ್ತು, ಕೇಳುವುದು, ಬರೆಯುವುದು, ಉತ್ತರಿಸುವುದು ಮೂರನ್ನೂ ಒಬ್ಬನೇ ಮಾಡುತ್ತಿದ್ದೆ. ಬರೆಯುವವರು ಬೇರೆ ಇರಬೇಕು, ಅದಕ್ಕೆ ಲೈಸೆನ್ಸ್ ಬೇಕಿಲ್ಲ. ಹಾಗಾಗಿ: "ಸಂದೇಶ ಬರೆದುಕೊಳ್ಳಲು ನಾಲ್ಕು ಜನ ಬೇಕು. ರೇಡಿಯೊ ಗೊತ್ತಿರಬೇಕಿಲ್ಲ. ಕೈಬರಹ ಓದುವಂತಿರಲಿ."

ಒಂದು ಪ್ರತಿಯನ್ನು ಪಕ್ಕದ ಮನೆಯವರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಮೇಲಿನಿಂದ ಕೆಳಗೆ ಓದಿದರು. "ನನ್ನ ಅಕ್ಷರ ನನಗೇ ಅರ್ಥ ಆಗಲ್ಲ ಸಾರ್" ಅಂದರು. ಆಮೇಲೆ ಒಳಗೆ ತಿರುಗಿ ಹೆಂಡತಿಯನ್ನು ಕರೆದರು. "ಲೇ, ಇಲ್ಲಿ ಬಾ. ನಿನ್ನ ಅಕ್ಷರಕ್ಕೆ ಕೆಲಸ ಬಂದಿದೆ."